ಮಾತು ಎತ್ತಿಕೊಡುವವಳು

ಈ ಗೂಡಿನಿಂದ ನನಗೆ ಮುಖ ಕಾಣುವುದಿಲ್ಲ.
ಬೂಟು ಕಾಣುತ್ತವೆ, ಅಂಚು ಬಿಟ್ಟ ನಿಲುವಂಗಿ,
ರಾಜಕುಮಾರನ ಕಾಲುಚೀಲದಲ್ಲಿ ಒಂದು ತೂತು.
ಮೂವತ್ತೊಂದು ವರ್ಷ ಅಲಝಾನಿ ಕಣಿವೆಯ ಈ ಸಣ್ಣ ರಂಗಮಂದಿರದಲ್ಲಿ
ಹಲಗೆಯಡಿ ಕೂತು ಮಾತು ಎತ್ತಿಕೊಟ್ಟಿದ್ದೇನೆ,
ಮೂಗಿಗೆ ಧೂಳು, ಮಡಿಲಿಗೆ ಪುಸ್ತಕ, ಒಂದು ಮಂಕು ಬಲ್ಬು.
ಮಕ್ವಾಲಾ ಎಂಬ ಹೆಸರು ಭಿತ್ತಿಪತ್ರದಲ್ಲಿ
ಬಡಗಿಯ ಕೆಳಗೆ ಬರುತ್ತದೆ, ಜಾಗವಿದ್ದರೆ.

ಈ ಸಲದ ನಾಟಕ ಒಂದು ಮೊಕದ್ದಮೆ.
ಮುನ್ನೂರು ವರ್ಷದ ಕಾವ್ಯ, ನೂರ ಹನ್ನೊಂದು ಪದ್ಯ,
ನಮ್ಮ ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ಬಾಯಿಪಾಠ ಮಾಡುವಂಥದು.
ಕವಿಯ ಹೆಸರಿದ್ದ ಕೊನೆಯ ಹಾಳೆಯನ್ನು ಇಲಿ ತಿಂದಿದೆ.
ಬಲ್ಲದ್ದು ಆ ಇಲಿಯೊಂದೇ.

ರಂಗದ ಮೇಲೆ ಮೂರು ಕುರ್ಚಿ.
ಒಂದರಲ್ಲಿ ಮಠದ ಲಿಪಿಕಾರ ಸನ್ಯಾಸಿ,
ಒಂದರಲ್ಲಿ ಯುದ್ಧಕ್ಕೆ ಕಣ್ಣೊಂದು ಕೊಟ್ಟ ರಾಜಕುಮಾರ,
ಮತ್ತೊಂದರಲ್ಲಿ ಅವನನ್ನು ಎತ್ತಿ ಆಡಿಸಿದ ದಾದಿ.
ದಾದಿಗೆ ಇಡೀ ನಾಟಕದಲ್ಲಿ ನಾಲ್ಕೇ ಮಾತು,
ನಾಟಕಕಾರ ಬಾದ್ರಿಗೆ ಅಷ್ಟೇ ಹೊಳೆಯಿತಂತೆ.
ಬಾಗಿಲಲ್ಲಿ ಟಿಕೆಟ್ಟಿನ ಜೊತೆ ಒಂದು ಅಕ್ರೋಟು:
ತೀರ್ಪು ನಿಮ್ಮದು, ಬೇಕಾದವರ ಬುಟ್ಟಿಗೆ ಹಾಕಿ.

ಊರು ಎರಡು ಹೋಳು.
ಔಷಧದಂಗಡಿಯ ಗುರಾಮ್ ಸನ್ಯಾಸಿಯ ಕಡೆ.
ಅವನ ಮಾವ ಮೀಸೆ ತಿರುವುತ್ತಾನೆ:
‘ಮೇಕೆ ಕಾಯುವವನ ಮಗ ಮಠದ ಲೆಕ್ಕ ಬರೆದಾನು,
ಬೇಟೆಗಿಡುಗದ ಕಣ್ಣನ್ನು ಬರೆದಾನೆಯೇ?’
ದಾದಿಯ ಮಾತೆತ್ತಿದರೆ ಇಬ್ಬರೂ ಒಟ್ಟಿಗೆ ನಗುತ್ತಾರೆ.
ಅಷ್ಟರ ಮಟ್ಟಿಗೆ ಮನೆಯಲ್ಲಿ ಶಾಂತಿ.

ಮೂರನೆಯ ರಾತ್ರಿ, ಎರಡನೆಯ ಅಂಕ.
ನ್ಯಾಯಾಧೀಶ ಕೇಳುತ್ತಾನೆ:
‘ಬರೆದವನು ನೀನಾದರೆ, ಹೆಸರನ್ನೇಕೆ ಹಾಡಿನೊಳಗೆ ಹೊಸೆಯಲಿಲ್ಲ?’
ಸನ್ಯಾಸಿಯ ಪಾತ್ರದ ಓತಾರ್ ಬಾಯಿ ತೆರೆದ.
ಏನೂ ಬರಲಿಲ್ಲ.
ಅವನ ಬೂಟಿನ ತುದಿ ಎರಡು ಸಲ ಹಲಗೆ ತಟ್ಟಿತು,
ನಮ್ಮಿಬ್ಬರ ಹಳೆಯ ಸಂಕೇತ.
ನಾನು ಹಾಳೆ ನೋಡಿದೆ. ಬಲ್ಬು ಆರಿತ್ತು.
ಬಾದ್ರಿ ಬರೆದದ್ದು ಹನ್ನೆರಡು ಸಾಲು,
ಒಂದೂ ನೆನಪಿಗೆ ಬರಲಿಲ್ಲ, ಅದು ಅದರ ತಪ್ಪೂ ಹೌದು.
ಬಾಯಿಗೆ ಬಂದದ್ದನ್ನು ಎತ್ತಿಕೊಟ್ಟೆ:

‘ಹಿಟ್ಟು ನಾದಿದ ಕೈ ತೊಳೆದೇ ಅಲ್ಲವೇ ರೊಟ್ಟಿ ಬಡಿಸುವುದು?’

ಓತಾರ್ ಅದನ್ನು ನಿಧಾನವಾಗಿ ಹೇಳಿದ,
ನೂರು ರಾತ್ರಿ ಅಭ್ಯಾಸ ಮಾಡಿದವನ ಹಾಗೆ.
ಮೊದಲು ಸದ್ದಿಲ್ಲ. ಆಮೇಲೆ ನನ್ನ ತಲೆಯ ಮೇಲಿನ
ಹಲಗೆಯೆಲ್ಲ ಚಪ್ಪಾಳೆಗೆ ನಡುಗಿ
ಮಣ್ಣು ಕೊರಳೊಳಗೆ ಉದುರಿತು.

ಅದು ಅಜ್ಜಿಯ ಮಾತು.
ಒಲೆಯ ಗೋಡೆಗೆ ರೊಟ್ಟಿ ಬಡಿಯುತ್ತ
ಯಾರ ಮೇಲೋ ಸಿಟ್ಟಿನಲ್ಲಿ ಅಂದದ್ದು.
ಅವಳಿಗೆ ಯಾರು ಹೇಳಿದ್ದರೋ.

ಆ ರಾತ್ರಿ ಅಕ್ರೋಟು ಎಣಿಸಿದರು.
ಸನ್ಯಾಸಿಗೆ ನೂರ ನಲವತ್ತಮೂರು.
ರಾಜಕುಮಾರನಿಗೂ ನೂರ ನಲವತ್ತಮೂರು.
ದಾದಿಗೆ ಏಳು.
ಮಾರಿದ ಟಿಕೆಟ್ಟು ಇನ್ನೂರ ತೊಂಬತ್ತನಾಲ್ಕು.
ಒಂದು ಕಡಿಮೆ!
ಗುರಾಮ್ ಟಾರ್ಚು ಹಿಡಿದು ಕುರ್ಚಿಗಳಡಿ ತೆವಳಿದ,
ಮಾವ ಬುಟ್ಟಿ ಹೊತ್ತವರ ಕಿಸೆ ತಡಕಿದ,
ನಡುರಾತ್ರಿಯವರೆಗೆ ಬಾಯಿಗೆ ಬಾಯಿ.
ಚಪ್ಪಾಳೆಯ ಗದ್ದಲದಲ್ಲಿ ಯಾರದೋ ಕೈಜಾರಿ
ಅದು ರಂಗದ ಮೇಲೆ ಉರುಳಿ ನನ್ನ ಗೂಡಿಗೆ ಬಿದ್ದಿತ್ತು.
ಯಾವ ಬುಟ್ಟಿಗೆ ಹೊರಟದ್ದೋ.
ಮೂರನೆಯ ಅಂಕದಲ್ಲಿ ಹಸಿವಾಗಿ ಒಡೆದು ತಿಂದೆ.
ಇಲಿಯ ಮೇಲೆ ಆಗ ಸ್ವಲ್ಪ ಮರುಕ ಹುಟ್ಟಿತು.

ಮರುದಿನ ತಿಬಿಲಿಸಿಯಿಂದ ಪ್ರೊಫೆಸರರು ಬಂದರು.
ರೊಟ್ಟಿಯ ಸಾಲಿಗೆ ಹಳಗಾಲದ ಘಮವಿದೆ,
ಯಾವ ಹಸ್ತಪ್ರತಿಯಲ್ಲಿ ಸಿಕ್ಕಿತು ಎಂದರು.
ಬಾದ್ರಿ ಕತ್ತು ಬಗ್ಗಿಸಿ ನಾಚಿದ:
‘ಇಲ್ಲ, ಅದು ಹಾಗೇ ನನಗೆ ಬಂತು.’
ನಾನು ಪಕ್ಕದಲ್ಲೇ ಇದ್ದೆ, ಬಲ್ಬು ಬದಲಿಸುತ್ತ.

ಈಗ ಓತಾರ್ ದಿನವೂ ಅಲ್ಲಿ ನಿಲ್ಲುತ್ತಾನೆ.
ಮರೆತಲ್ಲ, ಚಪ್ಪಾಳೆಗೆ ಜಾಗ ಮಾಡಿಕೊಡಲು.
ನಾನು ಸಾಲಿನ ಮೇಲೆ ಬೆರಳಿಟ್ಟು ಕಾಯುತ್ತೇನೆ.
ಬಾದ್ರಿ ಅದನ್ನು ಕೆಂಪು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾನೆ,
ಕೆಳಗೆರಡು ಗೆರೆ ಎಳೆದು.
ಒಂದಕ್ಷರ ತಪ್ಪಾಗಿದೆ.
ತಿದ್ದಿಲ್ಲ.